ಹೆಬ್ಬೆರಳಿನಡಿಯ ಲಾಲಿ

ಗಂಗೆಯನ್ನು ಜಡೆಯಲ್ಲಿ ಧರಿಸಿಯೂ, ಕೆರೆಯ ನೀರಿನ ಮೇಲೆ ತೂಗಿಸಿಕೊಳ್ಳಲು ಕೂಸಾಗಿ ಬರುವ ಮಲ್ಲಿಕಾರ್ಜುನನೇ, ಹೇಳುವ ನಾಲಗೆಗೆ ಋಜುತ್ವವನ್ನೂ ಕೇಳುವ ಕಿವಿಗೆ ತಾಳ್ಮೆಯನ್ನೂ ಅನುಗ್ರಹಿಸು. ಅಂಗಳದ ಕಸವನ್ನು ನಾವೇ ಗುಡಿಸಿಕೊಳ್ಳುತ್ತೇವೆ. ಎದೆಯ ಮೂಲೆಯಲ್ಲಿ ಮುದುಡಿ ಕುಳಿತ ಮಾತ್ಸರ್ಯವನ್ನು ನೀನಲ್ಲದೆ ಇನ್ನಾರು ಕಂಡಾರು?

ದೋಣಿಯ ಸ್ಟೀರಿಯೋ ಪೆಟ್ಟಿಗೆಯಿಂದ ಮೊದಲು ಹೊರಬಂದದ್ದು ಯಾವುದೋ ಸಿನಿಮಾದ ಕುಣಿತದ ಹಾಡು. ದೋಣಿಯ ಎರಡೂ ಬದಿಯ ಸ್ಪೀಕರುಗಳು ಒಮ್ಮೆಗೇ ಅಬ್ಬರಿಸಿದಾಗ ಕೆರೆಯ ಸೋಪಾನದ ಮೇಲೆ ನೆರೆದಿದ್ದ ಜನ ಗೊಳ್ಳೆಂದು ನಕ್ಕರು. ಉತ್ಸವಮೂರ್ತಿಯ ಹಾರವನ್ನು ಸರಿಪಡಿಸುತ್ತಿದ್ದ ಅರ್ಚಕ, ಊರವರ ಮಾತಿನಲ್ಲಿ ತಮ್ಮಡಿ, ಶಿವರುದ್ರಸ್ವಾಮಿ ಬೆಚ್ಚಿ ಹಿಂತಿರುಗಿದರು.

"ಆರ್ಸೋ ಅದ, ಪ್ರಸಾದ! ದೇವ್ರ ಮುಂದೆ ಇದೇನ್ಲಾ ಇದು?"

"ದೋಣಿಯವ್ರು ಪೆನ್‌ಡ್ರೈವ್ ಇದ್ರೊಳ್ಗೇ ಬುಟ್ಟೋಗವ್ರೆ ಸ್ವಾಮ್ಯೋರೆ. ಒಸಿ ತಡೀರಿ" ಎಂದು ಬಸವಪ್ರಸಾದ ಮೊಣಕಾಲೂರಿ ಕುಳಿತು ಗುಂಡಿಗಳನ್ನು ಒತ್ತತೊಡಗಿದ.

ತೆರಕಣಾಂಬಿಯ ಆಚೆಗಿನ ಆ ಊರಿನಲ್ಲಿ ದೇವರನ್ನು ಬಿದಿರಿನ ತೆಪ್ಪದಲ್ಲಿ ಕೂರಿಸಿ, ಲಾಲಿ ಹಾಡುತ್ತ ಕೆರೆಯನ್ನು ಸುತ್ತಿಸುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಈ ಸಲ ಬಿದಿರು ಗೆದ್ದಲಿಗೆ ತುತ್ತಾದುದರಿಂದ, ಎಲ್ಲಿಯೋ ಪ್ರವಾಸಿಗರನ್ನು ಸುತ್ತಿಸುತ್ತಿದ್ದ ಫೈಬರ್ ದೋಣಿಯೊಂದನ್ನು ಬಾಡಿಗೆಗೆ ತರಿಸಿದ್ದರು. ಜೊಂಡು ಸುತ್ತಿಕೊಳ್ಳುವುದೆಂದು ಎಂಜಿನ್ನನ್ನು ಬಿಚ್ಚಿಟ್ಟಾಗಿತ್ತು. ಸ್ಟೀರಿಯೋ ಮಾತ್ರ ತನ್ನ ನೀಲಿ ದೀಪಗಳನ್ನು ಮಿಟುಕಿಸುತ್ತ ದೇವರ ಪೀಠದ ಬದಿಯಲ್ಲೇ ಉಳಿದಿತ್ತು.

ಅದರ ಪಕ್ಕದಲ್ಲಿ, ಬಲಗೈಯಲ್ಲಿ ಎಣ್ಣೆ ತುಂಬಿದ ದೀಪವನ್ನು ಹಿಡಿದು ಚಿಕ್ಕಮಲ್ಲಮ್ಮ ಕುಳಿತಿದ್ದಳು. ಬಸವಪ್ರಸಾದನ ಅಣ್ಣನ ಹೆಂಡತಿ ಅವಳು. ಅತ್ತೆಯ ತರುವಾಯ ಆ ಮನೆಯ ಲಾಲಿ ಅವಳ ಕೊರಳಿಗೆ ಬಂದಿತ್ತು. ಚೈತ್ರದಲ್ಲಿ ಮೈಸೂರಿನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆ ಕೊರಳಿನಿಂದ ಒಣಗಿದ ತೆಂಗಿನ ಗರಿಯನ್ನು ಎಳೆದಂತಹ ಸದ್ದಲ್ಲದೆ ಬೇರೇನೂ ಹೊರಡುತ್ತಿರಲಿಲ್ಲ. ದೀಪ ಹಿಡಿಯುವ ಹಕ್ಕು ಉಳಿದಿತ್ತು. ಹಾಡು ಓರಗಿತ್ತಿ ಪವಿತ್ರಳಿಗೆ, ಬಸವಪ್ರಸಾದನ ಹೆಂಡತಿಗೆ, ಹೋಗಿತ್ತು.

ಪವಿತ್ರಳಿಗೆ ನೀರನ್ನು ಕಂಡರೆ ತಲೆ ತಿರುಗುತ್ತದೆ. ಆದುದರಿಂದ ಗುಂಡ್ಲುಪೇಟೆಯ ಸ್ಟುಡಿಯೋ ಒಂದರಲ್ಲಿ ಹಾಡಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಪ್ಲೇಯರಿನಲ್ಲಿ ಅದನ್ನು ತುಂಬಿಸಿ ತಂದಿದ್ದಳು. ಹಿಂದಿನ ವರ್ಷ ಮಂಗಳಾರತಿಯ ನಡುವೆ ಯಾರದೋ ಮೊಬೈಲು ಕೂಗಿಕೊಂಡಾಗಿನಿಂದ ತಮ್ಮಡಿಗಳು ದೋಣಿಯೊಳಗೆ ಫೋನನ್ನು ನಿಷೇಧಿಸಿದ್ದರು. ಈ ಹೊಸ ಏರ್ಪಾಡಿಗೂ ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಇವತ್ತು ಲಾಲಿ ತಡೀದೆ ನಡುದ್ರೆ ಮುಂದಕ್ಕೂ ಪವಿತ್ರಮ್ಮಂದೇ. ದೇವ್ರು ತಡುದ್ರೆ ಬ್ಯಾರೆ ಮನೆ ನೋಡನ."

ಬಸವಪ್ರಸಾದ ತಂತಿಯ ಒಂದು ತುದಿಯನ್ನು ಪ್ಲೇಯರಿಗೂ ಇನ್ನೊಂದನ್ನು ಸ್ಟೀರಿಯೋಗೂ ಸಿಕ್ಕಿಸಿದ. ಗೊರಗೊರ ಸದ್ದಾಯಿತು. ಪಿನ್ನನ್ನು ಒತ್ತಿದ, ಲಾಲಿಯ ಮೊದಲ ಸೊಲ್ಲು ತಿಳಿಯಾಗಿ ಮೂಡಿತು. ಕೈ ಬಿಟ್ಟ; ಮಾಯವಾಯಿತು.

"ತೂತು ಸಡ್ಲ ಆಗ್ಬುಟ್ಟದೆ. ಯಾರಾದ್ರೂ ಒತ್ತಿ ಇಡ್ಕಂಡೇ ಕೂರ್ಬೇಕು." ಅವನು ಸುತ್ತ ನೋಡಿದ. ತಮ್ಮಡಿಗಳ ಕೈ ದೇವರ ಮೇಲೆ, ಅಂಬಿಗ ಮಾದಣ್ಣನ ಕೈ ದೋಣಿ ನೂಕುವ ಗಳದ ಮೇಲೆ. "ಅತ್ಗೆ, ನಿಮ್ ಎಡಗೈ ಬಿಡುವಾಗೇ ಅದಲ್ಲ. ನೀವೇ ಒತ್ಕಳಿ."

ಚಿಕ್ಕಮಲ್ಲಮ್ಮ ಅವನ ಮುಖವನ್ನು ಕ್ಷಣಕಾಲ ದಿಟ್ಟಿಸಿದಳು. ಆ ಮುಖದಲ್ಲಿ ಅವಸರವಲ್ಲದೆ ಬೇರೇನೂ ಇರಲಿಲ್ಲ. ಅವಳು ಹೆಬ್ಬೆರಳನ್ನು ಪಿನ್ನಿನ ಮೇಲಿಟ್ಟಳು. ಅವನು ಪ್ಲೇಯರನ್ನು ಅವಳ ಮಡಿಲಿಗೆ ಹಾಕಿ ದಡಕ್ಕೆ ಜಿಗಿದ.

ಮೊದಲ ಸುತ್ತಿನಲ್ಲಿ ಊರವರೇ ಹಗ್ಗ ಹಿಡಿದು ದೋಣಿಯನ್ನು ದಡದ ಗುಂಟ ಎಳೆಯುವುದು ವಾಡಿಕೆ. ಸಂಜೆಯ ಬಿಸಿಲು ನೀರಿನ ಮೇಲೆ ಹಾಸಿಕೊಂಡಿತ್ತು. 'ತೂಗುವೆನು ಬಾರಯ್ಯ ನೀರ ತೊಟ್ಟಿಲಿನಲ್ಲಿ' ಎಂಬ ಸೊಲ್ಲು ಎರಡು ಸ್ಪೀಕರುಗಳಿಂದ ಹೊರಟು, ಎದುರು ದಂಡೆಯ ಹುಣಸೆಮರಗಳಿಗೆ ತಾಗಿ ಮರಳಿತು. ಚಿಕ್ಕಮಲ್ಲಮ್ಮ ಕಿವಿಯನ್ನು ಮೊನಚಾಗಿಸಿ ಕೇಳಿದಳು. ಆ ಕಂಠದಲ್ಲಿ ತಪ್ಪು ಹುಡುಕುವುದು ಅವಳಿಗೆ ಆ ಹೊತ್ತಿನ ಪೂಜೆಯಾಗಿತ್ತು. ತಪ್ಪು ದೊರೆಯಿತು ಕೂಡ. ಸಾಲಿನ ನಡುನಡುವೆ, ನಿಲ್ಲಬಾರದಲ್ಲೆಲ್ಲ, ಪವಿತ್ರ ಗಕ್ಕನೆ ನಿಲ್ಲುತ್ತಿದ್ದಳು. ಉಸಿರು ಸಾಲದು ಇವಳಿಗೆ ಎಂದುಕೊಂಡಾಗ ಒಳಗೆಲ್ಲೋ ತಂಪಾಯಿತು.

ದಡದ ಹೆಂಗಸರಿಗೆ ಆ ತಪ್ಪು ಕೇಳಿಸಲಿಲ್ಲ.

"ಎಂಥಾ ಗಂಟ್ಲು ನೋಡಮ್ಮಿ, ಜೇನು ಸುರ್ದಂಗದೆ!"

"ದೊಡ್ಡವ್ಳು ಇಷ್ಟು ವರ್ಸ ಇವ್ಳ ಬಾಯಿ ಯಾಕೆ ಬುಡುಸ್ನಿಲ್ಲ ಅಂತ ಈಗ ಗೊತ್ತಾಯ್ತು ಬುಡು."

ನಗೆಯ ಅಲೆಯೊಂದು ನೀರಿನ ಮೇಲೆ ತೇಲಿಬಂತು. ಸೋಪಾನದ ಮೇಲ್ತುದಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಪವಿತ್ರ, ಹಸಿರು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಾಳೆಂದೇ ಚಿಕ್ಕಮಲ್ಲಮ್ಮನಿಗೆ ತೋರಿತು. ಮದುವೆಯಾದ ಹೊಸತರಲ್ಲಿ ಆ ಹುಡುಗಿ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ, "ಲಾಲಿ ಕಲ್ಸಕ್ಕ" ಎಂದು ಕೇಳಿದ್ದುಂಟು. "ಇದು ಕಲ್ಸೋದಲ್ಲ ಕಣಮ್ಮಿ, ಬರೋದು" ಎಂದು ತಾನು ಮೊರವನ್ನು ಎತ್ತಿಕೊಂಡು ಎದ್ದಿದ್ದುಂಟು. ಆಮೇಲೆ ಅವಳು ಕೇಳಲಿಲ್ಲ.

ಹೆಬ್ಬೆರಳು ಮೇಲಕ್ಕೆದ್ದಿತು.

ಲಾಲಿ ಅರ್ಧಾಕ್ಷರದಲ್ಲಿ ತುಂಡಾಯಿತು. ಲಾಲಿಯಿಲ್ಲದೆ ದೇವರು ಒಂದು ಮೊಳವೂ ಚಲಿಸಬಾರದೆಂಬುದು ಆ ಕೆರೆಯ ಕಟ್ಟಳೆ. ಹಗ್ಗ ಎಳೆಯುತ್ತಿದ್ದವರು ಕಾಲೂರಿ ನಿಂತರು. ದೋಣಿ ತೂಗಾಡಿ ಸ್ತಬ್ಧವಾಯಿತು. ಮಡಿಲಲ್ಲಿದ್ದ ಪ್ಲೇಯರಿನ ಪುಟ್ಟ ತೆರೆಯ ಮೇಲೆ ಮಾತ್ರ ಗೆರೆಯೊಂದು, ಏನೂ ಆಗಿಲ್ಲವೆಂಬಂತೆ, ಮುಂದಕ್ಕೆ ಸರಿಯುತ್ತಲೇ ಇತ್ತು.

"ದೇವ್ರು ಒಪ್ನಿಲ್ಲ ಕಣೋ" ಎಂದು ಯಾರೋ ಅಂದರು. ಆ ಮಾತು ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರಿತು. ಪವಿತ್ರಳ ಸೆರಗು ಬಾಯಿಯಿಂದ ಜಾರಿತು. ಅಷ್ಟು ದೂರದಿಂದಲೂ ಕಂಡಿತು, ಆ ಮುಖದಲ್ಲಿ ನಗೆ ಇರಲಿಲ್ಲ, ಮೊದಲೂ ಇದ್ದಿರಲಾರದು. ಚಿಕ್ಕಮಲ್ಲಮ್ಮನಿಗೆ ಹಸಿದವನಿಗೆ ಮೊದಲ ತುತ್ತು ಇಳಿದಂತಾಯಿತು. ಮರುಕ್ಷಣವೇ ಆ ತುತ್ತು ಎದೆಯಲ್ಲಿ ಕಟ್ಟಿಕೊಂಡಿತು.

"ಅವ್ವಾರೆ," ಹಿಂದಿನಿಂದ ಮಾದಣ್ಣ ತಗ್ಗಿದ ದನಿಯಲ್ಲಿ ಕೇಳಿದ, "ಬೆಳ್ಳು ಜಾರ್ತಾ?"

"ಊಂ. ಎಣ್ಣೆ ಕೈ."

"ಎಣ್ಣೆ ಬಲಗೈಲದೆ. ಪಿನ್ನು ಎಡಗೈಲದೆ."

ಅವಳು ತಿರುಗಿ ನೋಡಲಿಲ್ಲ. "ಅತ್ಗೇ, ಒತ್ತಿ! ಬುಡ್ಬ್ಯಾಡಿ!" ಎಂದು ಬಸವಪ್ರಸಾದ ದಡದಿಂದ ಕೂಗಿದ. ತಮ್ಮಡಿಗಳು, "ಒಂದ್ಸಲ ಆಯ್ತು. ಇನ್ನೊಂದ್ಸಲ ನಿಂತ್ರೆ ನಾನು ಹೇಳ್ಬೇಕಾದ್ದ ಹೇಳ್ಬುಡ್ತೀನಿ" ಎಂದು ಭಸ್ಮದ ಕೈಯನ್ನು ಜೋಡಿಸಿದರು. ಅವಳು ಮತ್ತೆ ಒತ್ತಿದಳು. ಇನ್ನೊಂದು ಸಲ ಸಾಕು ಎಂಬ ಅರಿವು ಹೆಬ್ಬೆರಳಿನಲ್ಲಿ ನಾಡಿಯಂತೆ ಬಡಿಯುತ್ತಿತ್ತು.

ಎರಡನೆಯ ಸುತ್ತಿಗೆ ಹಗ್ಗ ಕಳಚಿದರು. ಇನ್ನು ನಡುನೀರು, ಮಾದಣ್ಣನ ಗಳದ ಪಾಳಿ. ಗಳ ತಳದ ಕೆಸರನ್ನು ಮುಟ್ಟಿ ನೂಕಿದಾಗ ದೋಣಿ ಒಮ್ಮೆ ವಾಲುತ್ತದೆ. ಕುಳಿತವರ ಪಕ್ಕೆಲುಬು ಬಿಗಿಯುತ್ತದೆ. ಆಗ ಸ್ವರವನ್ನು ಎಳೆದರೆ ಅದು ಒಡೆಯುತ್ತದೆ. ಇದನ್ನು ಚಿಕ್ಕಮಲ್ಲಮ್ಮನಿಗೆ ಯಾರೂ ಕಲಿಸಿರಲಿಲ್ಲ. ವರ್ಷಗಳುದ್ದಕ್ಕೂ ಅವಳ ಮೈಯೇ ಕಲಿತು, ಹಾಡನ್ನು ಗಳಕ್ಕೆ ತಕ್ಕಂತೆ ಕಡಿದುಕೊಂಡಿತ್ತು. ಸ್ಟುಡಿಯೋದ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಹಾಡಿದವಳಿಗೆ ಈ ನೀರಿನ ಮರ್ಮ ತಿಳಿದೀತೇ? ಈಗ ಎಲ್ಲವೂ ಎಡವಟ್ಟಾಗುವುದು. ತಾನು ಬೆರಳೆತ್ತುವ ಅಗತ್ಯವೂ ಬೀಳಲಾರದು.

ಗಳ ಇಳಿಯಿತು. ಪವಿತ್ರಳ ದನಿ ಗಕ್ಕನೆ ನಿಂತಿತು. ದೋಣಿ ವಾಲಿ, ಸಮವಾಯಿತು. ದನಿ ಮುಂದುವರಿಯಿತು.

ಗಳ ಮತ್ತೆ ಇಳಿಯಿತು. ದನಿ ಮತ್ತೆ ನಿಂತು ಗಳಕ್ಕೆ ದಾರಿ ಬಿಟ್ಟಿತು.

"ಅಬ್ಬಬ್ಬಾ," ಎಂದ ಮಾದಣ್ಣ, "ನೀವೇ ಲಾಲಿ ಆಡ್ದಂಗದಲ್ಲವ್ವಾ. ನಾನು ಕಾಯಂಗೇ ಇಲ್ಲ!"

ಚಿಕ್ಕಮಲ್ಲಮ್ಮನ ಕಣ್ಣು ದಡದ ಕಂಬವನ್ನು ಅರಸಿತು. ವರ್ಷ ವರ್ಷವೂ ಆ ಹೆಣ್ಣು ಅಲ್ಲಿಯೇ, ಆ ಕಂಬಕ್ಕೇ ಆತುಕೊಂಡು ನಿಂತಿದ್ದಳು. ನೀರಿಗೆ ಹೆದರಿ ನಿಂತಿದ್ದಾಳೆಂದು ಮನೆಮಂದಿಯೆಲ್ಲ ಅಣಕಿಸುತ್ತಿದ್ದರು. ಆ ಅಣಕವನ್ನು ಮೊದಲು ಎತ್ತಿಕೊಡುತ್ತಿದ್ದವಳು ತಾನೇ. ಗಳವನ್ನೂ ಉಸಿರನ್ನೂ ಒಟ್ಟಿಗೆ ನೋಡುತ್ತಿದ್ದಾಳೆಂದು ಯಾರು ಬಲ್ಲರು? ಕೊಡದೆ ಬಚ್ಚಿಟ್ಟಿದ್ದನ್ನು ಅವಳು ದೂರ ನಿಂತೇ ಒಂದೊಂದಾಗಿ ಆಯ್ದುಕೊಂಡಿದ್ದಳು. ಆ ಯೋಚನೆ ಚಿಕ್ಕಮಲ್ಲಮ್ಮನನ್ನು ಹೊಗಳಿಕೆಗಿಂತ ಹೆಚ್ಚಾಗಿ ಸುಟ್ಟಿತು. ಕದ್ದವಳೆಂದು ಬೈಯಲು ನಾಲಗೆ ತುರಿಸಿತು; ಆದರೆ ಕದ್ದ ಒಡವೆಯ ಮೇಲೆಲ್ಲ ತನ್ನದೇ ಹೆಸರಿತ್ತು.

ಮೂರನೆಯ ನುಡಿ ಬಂತು. ಅಲ್ಲೊಂದು ಕಡೆ ಪವಿತ್ರಳ ದನಿ ನಿಂತಿತು. ಗಳ ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು. ವಾಲದ ದೋಣಿಯಲ್ಲಿ ಆ ನಿಲುಗಡೆ ಒಂಟಿಯಾಗಿ ಉಳಿಯಿತು. ಆ ಜಾಗ ಯಾವುದೆಂದು ಚಿಕ್ಕಮಲ್ಲಮ್ಮನಿಗೆ ಗೊತ್ತಿತ್ತು.

ಉಳಿದ ದಾರಿಯುದ್ದಕ್ಕೂ ಅವಳು ಬೆರಳನ್ನು ಕದಲಿಸಲಿಲ್ಲ. ಹೆಬ್ಬೆರಳು ಮೊದಲು ನೊಂದಿತು, ಆಮೇಲೆ ಮರಗಟ್ಟಿತು. ಮೂರನೆಯ ಸುತ್ತು ಮುಗಿದು, ದೋಣಿ ಮೆಟ್ಟಿಲಿಗೆ ತಾಗಿ, ಮಂಗಳಾರತಿಯಾಗಿ, ತಮ್ಮಡಿಗಳು "ಆಯ್ತು ಕಣಪ್ಪಾ, ಇನ್ಮುಂದೆ ಲಾಲಿ ಪವಿತ್ರಮ್ಮಂದೇ" ಎಂದು ಸಾರಿದರು. ಹಾಡು ಎಂದೋ ಮುಗಿದಿದ್ದರೂ ಆ ಬೆರಳು ಒತ್ತಿಯೇ ಇತ್ತು.

ಪವಿತ್ರ ಕಣ್ಣನ್ನು ಅರೆಮುಚ್ಚಿಕೊಂಡು, ನೀರು ಮುಟ್ಟುವ ಮೆಟ್ಟಿಲಿನವರೆಗೂ ಇಳಿದು ಬಂದು ಕೈಚಾಚಿದಳು.

"ಎಂಗಿತ್ತಕ್ಕ?"

ಚಿಕ್ಕಮಲ್ಲಮ್ಮ ದೀಪವನ್ನು ತಮ್ಮಡಿಗಳಿಗೆ ಕೊಟ್ಟು, ಪ್ಲೇಯರಿಗೆ ತಂತಿಯನ್ನು ನಿಧಾನವಾಗಿ ಸುತ್ತಿದಳು. "ಮೂರ್ನೇ ನುಡೀಲಿ," ಗರಿ ಎಳೆದಂತಹ ದನಿಯಲ್ಲಿ ಅಂದಳು, "ಒಂದ್ಕಡೆ ನಿಂತೆ. ಅಲ್ಲಿ ನಿಲ್ಬಾರ್ದು."

"ನೀವು ಅಲ್ಲೇ ನಿಲ್ತಿದ್ರಲ್ಲಕ್ಕ. ಹೋದ್ವರ್ಸ, ಅದ್ರ ಹಿಂದಿನ್ವರ್ಸ."

"ಅಲ್ಲಿ ನಂಗೆ ಗಂಟ್ಲು ನೋವು ಬತ್ತಿತ್ತು ಕಣಮ್ಮಿ."

ಪವಿತ್ರ ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ. ಚಿಕ್ಕಮಲ್ಲಮ್ಮ ಅದನ್ನು ಹಿಡಿದು ಮೆಟ್ಟಿಲೇರಿದಳು. ಅವಳ ಹೆಬ್ಬೆರಳಿನ ನಡುವೆ ಪಿನ್ನು ಕೊರೆದ ಕೆಂಪು ಗುಳಿಯೊಂದಿತ್ತು; ಮೇಲೇರುವಷ್ಟು ಹೊತ್ತೂ ಅದು ಪವಿತ್ರಳ ಅಂಗೈಯೊಳಗೇ ಇತ್ತು.

ನೀರ ತೊಟ್ಟಿಲಿನಿಂದ ಇಳಿದು ಗುಡಿ ಸೇರಿದ ಮಲ್ಲಿಕಾರ್ಜುನನು, ಇದನ್ನು ಓದಿದವರ, ಓದಿ ಹೇಳಿದವರ, ಕಿವಿಗೊಟ್ಟು ಕೇಳಿದವರ ಮನೆಗಳಲ್ಲಿ ದೀಪ ಆರದಂತೆಯೂ ಕೊರಳು ಒಣಗದಂತೆಯೂ ಕಾಯಲಿ. ಪರರ ದನಿಗೆ ಬೇಯುವ ಎದೆಗಳಿಗೆಲ್ಲ ತಂಪೆರೆಯಲಿ.