ಬುಡದಕ್ಕನ ಸೀಟು

ನಮ್ಮ ಲಾಂಡ್ರಿಯ ಹೆಂಗಸರು ಹಗ್ಗಜಗ್ಗಾಟಕ್ಕೆ ಹೊರಟರೆ ಸಾಲು ಮುರಿಯುವುದಿಲ್ಲ, ಮುರಿದರೆ ಸೋಲು ಎಂದು ನಂಬಿಕೆ. ಹಗ್ಗದಲ್ಲಿ ಯಾರ ಹಿಂದೆ ಯಾರು ನಿಲ್ಲುತ್ತಾರೋ, ಪಂದ್ಯದ ದಿನ ಬೆಳಗ್ಗೆಯಿಂದ ಅದೇ ಕ್ರಮ. ಚಹಾಕ್ಕೆ ನಿಂತರೂ ಅದೇ, ಕೈ ತೊಳೆಯಲು ಹೋದರೂ ಅದೇ. ಮೊದಲು ಎಲ್ಲರಿಗಿಂತ ತೆಳ್ಳಗಿರುವ, ಎಲ್ಲರೂ ಕಡ್ಡಿ ಎಂದೇ ಕರೆಯುವ ಹುಡುಗಿ, ಕೊನೆಗೆ ಬುಡದಕ್ಕ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಎಲ್ಲರ ಭಾರ ಹೊರುವವಳಿಗೆ ಬುಡದಕ್ಕ ಎಂದು ಹೆಸರು. ಎಳೆಯುವ ಎಂಟು ಜನರಲ್ಲಿ ಹೆಚ್ಚು ತೂಕದವಳು. ಅವಳು ನನ್ನ ಹೆಂಡತಿ.

ನಾನು ಅದೇ ಲಾಂಡ್ರಿಯ ಡ್ರೈವರ್. ಆಸ್ಪತ್ರೆಗಳ ಒದ್ದೆ ಚಾದರ ಹಿಂಡಿ ಹಿಂಡಿ ಇವರಿಗೆ ಬಂದಿರುವ ತೋಳು ನಾಲ್ಕು ಊರಿನ ಗಂಡಸರಿಗಿಲ್ಲ. ಮೂರು ವರ್ಷ ಅರ್ಧದಲ್ಲೇ ಸೋತು ಬಂದಿದ್ದರು. ಈ ಸಲ ಕೊನೆಯ ಸುತ್ತಿಗೆ ಹೋಗಲೇಬೇಕೆಂದು ಹಟ. ಮೈದಾನ ಅರುವತ್ತು ಕಿಲೋಮೀಟರ್ ದೂರ. ಹನ್ನೊಂದು ಗಂಟೆಗೆ ಹೆಸರು ಕೊಡದಿದ್ದರೆ ತಂಡ ಹೊರಗೆ.

ವ್ಯಾನಿಗೆ ಹದಿನೈದು ಸೀಟು. ಎಳೆಯುವವರು ಎಂಟು, ಒಬ್ಬಳು ಹೆಚ್ಚುವರಿ, ಜತೆಗೆ ಇವರಿಗೆಲ್ಲ ಕಲಿಸುವ ಇಸ್ತ್ರಿ ವಿಭಾಗದ ದೊಡ್ಡಕ್ಕ. ನಾನು ಚಕ್ರಗಳಿಗೆ ಗಾಳಿ ಹಿಡಿಸಿ ತಂದು ನಿಲ್ಲಿಸಿ, ಕೈ ತೊಳೆದು ಬರುವಷ್ಟರಲ್ಲಿ ಎಲ್ಲರೂ ಹತ್ತಿ ಕೂತಿದ್ದರು. ಹಗ್ಗದ ಕ್ರಮದಲ್ಲೇ! ತೆಳ್ಳನೆಯವರೆಲ್ಲ ಮುಂದೆ ಕಾಲು ಚಾಚಿಕೊಂಡು, ದಪ್ಪನೆಯ ನಾಲ್ವರು ಕೊನೆಯ ಸೀಟಿನಲ್ಲಿ ಒತ್ತಿಕೊಂಡು. ಅಭ್ಯಾಸದ ಹಗ್ಗ, ನೀರಿನ ಎರಡು ಕ್ಯಾನು, ಊಟದ ದೊಡ್ಡ ಪಾತ್ರೆ, ಬೂಟಿನ ಮೂಟೆ ಎಲ್ಲವೂ ಮೇಲೆ ಕ್ಯಾರಿಯರಿನಲ್ಲಿ. ವ್ಯಾನಿನ ಮೂತಿ ಆಕಾಶ ನೋಡುತ್ತಿತ್ತು.

"ಇಳೀರಿ ಎಲ್ಲ. ಭಾರ ಮುಂದೆ ಬರಬೇಕು," ಎಂದೆ.

"ಸಾಲು ಮುರಿಯೋದಾ? ಬಾಯಿಗೆ ಒಳ್ಳೇದು ಬರಲ್ವಾ ನಿಮಗೆ?" ಎಂದಳು ಹೆಂಡತಿ ಹಿಂದಿನಿಂದ.

"ಭಾವ, ನೀವು ಚಾದರ ತುಂಬೋ ಹಾಗೆ ನಮ್ಮನ್ನ ತುಂಬೋಕೆ ಬಂದ್ರಾ?" ಎಂದಳು ಕಡ್ಡಿ. ವ್ಯಾನೆಲ್ಲ ನಗು.

ದೊಡ್ಡಕ್ಕ ಗಡಿಯಾರ ತೋರಿಸಿದಳು. ನಾನು ಸಿಟ್ಟು ನುಂಗಿಕೊಂಡು ಗಾಡಿ ತೆಗೆದೆ. ತಪ್ಪು ನನ್ನದೇ. ಆಗಲೇ ಕೀಲಿ ಜೇಬಿಗೆ ಹಾಕಿಕೊಳ್ಳಬೇಕಿತ್ತು.

ಕೆರೆಯ ತಿರುವಿಗೆ ಬಂದಾಗ ಸ್ಟೇರಿಂಗ್ ಹಗುರವಾಯಿತು. ಮುಂದಿನ ಚಕ್ರ ನೆಲಕ್ಕೆ ತಾಗಿಯೇ ಇಲ್ಲವೇನೋ ಅನ್ನಿಸಿತು. ಬಾಲ ಒಂದು ಕಡೆ ಎಳೆಯಿತು, ಮೇಲಿನ ಕ್ಯಾನುಗಳು ದಡಬಡ ಎಂದವು. ವೇಗ ಐವತ್ತೂ ಇರಲಿಲ್ಲ. ಹಿಂದೆ ಹಾಡು ನಡೆದೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಹೆಂಡತಿ ತೊಡೆ ತಟ್ಟಿ ತಾಳ ಹಾಕುತ್ತಿದ್ದಾಳೆ, ಬೆಲ್ಟೂ ಇಲ್ಲ, ಏನೂ ಇಲ್ಲ. ಗಾಡಿ ಉರುಳಿದರೆ ಕಿಟಕಿಯಿಂದ ಮೊದಲು ಹೊರಗೆ ಬೀಳುವವಳು ಅವಳೇ. ಪಕ್ಕಕ್ಕೆ ನಿಲ್ಲಿಸಿ, ಕೀಲಿ ಕಿತ್ತುಕೊಂಡು ಇಳಿದೆ.

"ಏನ್ರೀ ಇದು? ಗಂಟೆ ಒಂಬತ್ತೂವರೆ!" ಎಂದು ಹೆಂಡತಿಯೂ ಇಳಿದಳು.

"ಹೊಟ್ಟೆಗೆ ಏನು ತಿಂತೀರಿ ನೀವೆಲ್ಲ? ಹೀಗೇ ಕೂತರೆ ನಾನು ಗಾಡೀನ ಒಂದು ಮಾರೂ ಮುಂದೆ ಬಿಡಲ್ಲ. ಬೇಕಿದ್ರೆ ವ್ಯಾನನ್ನೇ ಹಗ್ಗ ಕಟ್ಟಿ ಎಳ್ಕೊಂಡು ಹೋಗಿ!"

"ಮೂರು ವರ್ಷದಿಂದ ಕಾದಿದ್ದೀವಿ. ಸಾಲು ಕೆಟ್ಟು ಸೋತರೆ ಯಾರು ಹೊಣೆ? ನೀವಾ?"

"ನಾನೇ. ಸೋತರೆ ಮನೇಲಿ ಬಂದು ಬೈಯಿ. ಬೈಯೋಕೆ ನೀನು ಇರಬೇಕಲ್ಲ!"

ನಾನು ದೊಡ್ಡಕ್ಕನ ಕಡೆ ತಿರುಗಿದೆ. "ಅಕ್ಕ, ದಿನಾ ಸಂಜೆ ಅಂಗಳದಲ್ಲಿ ಗಂಟಲು ಹರ್ಕೋತೀಯಲ್ಲ, ಏನಂತ?"

"ಕೂತು ಎಳೀರಿ, ನೆಟ್ಟಗೆ ನಿಂತವಳು ಮೊದಲು ಬೀಳ್ತಾಳೆ ಅಂತ."

"ಈ ವ್ಯಾನು ನೆಟ್ಟಗೆ ನಿಂತಿದೆ. ತಲೆ ಮೇಲೆ ಮೂಟೆ ಬೇರೆ. ಕೊನೆಯವಳ ಕಾಲು ಪಕ್ಕಕ್ಕೆ ಜಾರಿದರೆ ಸಾಲು ಏನಾಗುತ್ತೆ?"

"ಅವಳು ಎಲ್ಲರನ್ನೂ ಎಳ್ಕೊಂಡು ಬೀಳ್ತಾಳೆ."

"ತಿರುವಿನಲ್ಲಿ ಇದರ ಬಾಲ ಜಾರಿತು. ನೀವು ಹಾಡ್ತಾ ಇದ್ರಿ."

ದೊಡ್ಡಕ್ಕ ವ್ಯಾನಿನ ಸುತ್ತ ಒಂದು ಸುತ್ತು ಬಂದಳು. ಹಿಂದಿನ ಚಕ್ರದ ಮೇಲೆ ಕುಸಿದಿದ್ದ ಗಾಡಿಯ ಮೈ ನೋಡಿದಳು, ಮೇಲಿನ ಮೂಟೆ ನೋಡಿದಳು. ಆಮೇಲೆ ಅಭ್ಯಾಸದ ಗಂಟಲಿನಲ್ಲೇ ಕೂಗಿದಳು: "ಇಳೀರೇ ಎಲ್ಲ! ಮೇಲಿನದೆಲ್ಲ ಕೆಳಗೆ!"

ಕೊನೆಯ ಸೀಟು ಪೂರ್ತಿ ಖಾಲಿ. ಬುಡದಕ್ಕ ನನ್ನ ಪಕ್ಕ, ಉಳಿದ ದಪ್ಪನೆಯವರು ಅವಳ ಬೆನ್ನಿಗೆ, ಕಡ್ಡಿ ಎಲ್ಲರಿಗಿಂತ ಹಿಂದೆ. ಕ್ಯಾನು, ಪಾತ್ರೆ, ಹಗ್ಗವನ್ನು ಮುಂದಿನ ಸೀಟುಗಳ ಕಾಲಡಿ ಒತ್ತಿ ಇಟ್ಟೆವು. ಸೀಟಿನ ಹೊದಿಕೆಯೊಳಗೆ ಎಷ್ಟೋ ವರ್ಷದಿಂದ ಹೂತುಹೋಗಿದ್ದ ಬೆಲ್ಟುಗಳನ್ನು ನಾನೇ ಕೈ ಹಾಕಿ ಎಳೆದೆ. ಒಂದು ಕಾಲುಚೀಲವೂ ಸಿಕ್ಕಿತು. ಯಾರದೆಂದು ಯಾರೂ ಒಪ್ಪಲಿಲ್ಲ.

ಹತ್ತಕ್ಕೆ ಐದು ನಿಮಿಷ ಇತ್ತು. ಹೆಂಡತಿ ಗಡಿಯಾರವನ್ನೇ ನೋಡುತ್ತಿದ್ದಳು, ನನ್ನನ್ನಲ್ಲ. "ಎಂಬತ್ತರಲ್ಲಿ ಹೋಗಿ," ಎಂದಳು. "ಅರುವತ್ತು," ಎಂದೆ. ಅವಳು ಹಲ್ಲು ಕಡಿದದ್ದು ನನಗೆ ಕೇಳಿಸಿತು.

ಇನ್ನು ಹದಿನೈದು ಕಿಲೋಮೀಟರ್ ಇರುವಾಗ ಅಡ್ಡದಾರಿಯಿಂದ ಒಂದು ಟ್ರ್ಯಾಕ್ಟರ್ ನೋಡದೆ ನುಗ್ಗಿತು. ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿದೆ. ವ್ಯಾನು ಒಂದು ಕಡೆ ವಾಲಿತು, ವಾಲಿದ್ದು ಅಲ್ಲೇ ನಿಂತಿತು, ಮತ್ತೆ ನೇರವಾಯಿತು. ಬೆಲ್ಟುಗಳು ಎಲ್ಲರ ಎದೆಯನ್ನು ಹಿಡಿದಿದ್ದವು. ನಾನು ಆ ಟ್ರ್ಯಾಕ್ಟರಿನವನ ಏಳು ತಲೆಮಾರನ್ನು ನೆನೆಸಿಕೊಂಡೆ, ಕಿಟಕಿ ಇಳಿಸಿಯೇ.

ಹಿಂದಿನಿಂದ ಕಡ್ಡಿ ಸಣ್ಣಗೆ ಹೇಳಿದಳು, "ಭಾವ, ನನ್ನ ಜೀವ ಅಲ್ಲೇ ಇಳಿದುಬಿಡ್ತು. ಹತ್ತಿಸ್ಕೊಂಡು ಹೋಗೋಣ."

ಹನ್ನೊಂದಕ್ಕೆ ನಾಲ್ಕು ನಿಮಿಷ ಇರುವಾಗ ಹೆಸರು ಕೊಟ್ಟರು. ಎರಡು ಸುತ್ತು ಗೆದ್ದರು. ಕೊನೆಯ ಸುತ್ತಿನಲ್ಲಿ ಮೀನು ಮಾರುಕಟ್ಟೆಯ ಹೆಂಗಸರು ಅವರನ್ನು ಗೆರೆಯಾಚೆ ಎಳೆದು ಹಾಕಿದರು. ನನ್ನ ಹೆಂಡತಿ ಹಿಮ್ಮಡಿಯಿಂದ ಮಣ್ಣಿನಲ್ಲಿ ಎರಡು ಗುಂಡಿ ತೋಡಿದ್ದಳು, ಆದರೂ ಆಗಲಿಲ್ಲ.

ವ್ಯಾನಿನ ಹತ್ತಿರ ಬರುತ್ತಲೇ ಎಲ್ಲರೂ ನನ್ನ ಮೇಲೆ ಬಿದ್ದರು. "ಸಾಲು ಮುರಿದ ಭಾವನಿಂದಲೇ ಸೋತದ್ದು!" "ಇವರ ಸಂಬಳದಲ್ಲಿ ಹಿಡೀಬೇಕು!"

"ಅವರ ತೋಳು ನಿಮಗಿಂತ ದಪ್ಪ ಇದ್ದದ್ದೂ ನನ್ನ ತಪ್ಪಾ?" ಎಂದು ನಾನೂ ಕೂಗಿದೆ.

ಹೆಂಡತಿ ಬೂಟಿನ ಮಣ್ಣು ಕೊಡವಿ, ಮುಂದಿನ ಬಾಗಿಲು ತೆಗೆದು ನನ್ನ ಪಕ್ಕದ ಸೀಟಿಗೆ ಹತ್ತಿದಳು. ಬೆಲ್ಟು ಎಳೆದು ಸಿಕ್ಕಿಸಿದಳು. ತಿರುಗಿ ಹಿಂದೆ ನೋಡಿ ಗದರಿದಳು: "ಕಡ್ಡಿ, ಬೆಲ್ಟು ಹಾಕೇ. ಹಾಡು ಆಮೇಲೆ."