ಕಟ್ಟೆಯ ಎತ್ತರ

ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಮೊದಲು ಕೈಹಾಕಿದ್ದು ಅಡುಗೆಮನೆಯ ಕಟ್ಟೆಗೆ. ಹೆಂಡತಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ ಕೈಗೆಟುಕುವಂತೆ ಕಟ್ಟೆ ತಗ್ಗಿಸಿ ಗ್ರಾನೈಟ್ ಹಾಕಿಸಿದರೆ ಅವಳು ಮತ್ತೆ ಮೊದಲಿನಂತಾಗುತ್ತಾಳೆ ಅನ್ನುವುದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಮೂವರು ಗುತ್ತಿಗೆದಾರರ ಕೊಟೇಶನ್ ಹಿಡಿದು ವಾರವಿಡೀ ಅಳೆದೂ ಸುರಿದೂ ನೋಡಿದ. ಒಬ್ಬನದು ಅಗ್ಗ, ಆದರೆ ಹಳೇ ಕಟ್ಟೆ ಒಡೆಯುವ ಕೂಲಿಯನ್ನೇ ಬರೆದಿರಲಿಲ್ಲ. ಇನ್ನೊಬ್ಬ, ಕಲ್ಲು ಎಷ್ಟು ದಪ್ಪ ಅಂತ ಕೇಳಿದರೆ ಹಾರಿಕೆಯ ಮಾತಾಡಿದ. ಮೂರನೆಯವನು ತಲೆ ನರೆತ ಮೇಸ್ತ್ರಿ. ಅವನದೇ ದುಬಾರಿ. ಆದರೆ, "ಅಡುಗೆ ಮಾಡೋರನ್ನ ನೋಡದೆ ಎತ್ತರ ಬರೆಯೋಕಾಗಲ್ಲ" ಅಂತ ಆ ಜಾಗ ಖಾಲಿ ಬಿಟ್ಟಿದ್ದ. ಅದು ಇವನ ಮನಸ್ಸಿಗೆ ಹಿಡಿಸಿತು. ಅವನನ್ನೇ ಕರೆಸಿದ.

ಮೇಸ್ತ್ರಿ ಟೇಪು ಹಿಡಿದು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಅಮ್ಮಾ, ತರಕಾರಿ ಹೆಚ್ಚೋ ಥರ ಎರಡೂ ಕೈ ಮುಂದೆ ಚಾಚಿ."

ಎಡಗೈ ಬಂತು. ಬಲಗೈ ಮಡಿಲಲ್ಲೇ ಉಳಿಯಿತು.

"ಇವತ್ತು ಸ್ವಲ್ಪ ಬಿಗಿ ಹಿಡಿದಿದೆ," ಅಂದ ಗಂಡ. "ಬೆಳಿಗ್ಗೆ ಬೆರಳು ಆಡಿಸಿದ್ದಳು."

"ಆಡಿಸಿದ್ದು ನೀವು," ಅಂದಳು ಅವಳು. ನಾಲಿಗೆ ಇನ್ನೂ ತೊದಲುತ್ತಿತ್ತು. "ಮೇಸ್ತ್ರಿ, ಈಗಿರೋ ಕಟ್ಟೆ ನನ್ನ ಅಳತೇದು, ನಾನು ಗಿಡ್ಡಿ. ಈಗ ಅಡುಗೆ ಮಾಡೋರು ಇವರು, ಉದ್ದ ಆಳು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ. ಇವರಿಗೆ ಸರಿಯಾಗಿ ಎತ್ತರಿಸಿ."

"ನಿನಗೋಸ್ಕರ ತಾನೇ ಇಷ್ಟೆಲ್ಲಾ ಓಡಾಡಿದ್ದು?"

"ಗೊತ್ತು ರೀ. ಆದ್ರೆ ಈ ಕೈ ಇನ್ನು ಬರಲ್ಲ. ಡಾಕ್ಟರು ನಿಮ್ಮೆದುರೇ ಹೇಳಿದ್ರಲ್ಲ, ನಿಮಗೇ ಕೇಳಿಸಿಕೊಳ್ಳೋಕೆ ಆಗಲಿಲ್ಲ."

ಮೇಸ್ತ್ರಿ ಇಬ್ಬರ ಮುಖವನ್ನೂ ನೋಡಿ, ಮೆಲ್ಲಗೆ ಎದ್ದು, ಗಂಡನ ಮೊಣಕೈಯಿಂದ ನೆಲದವರೆಗೆ ಟೇಪು ಬಿಟ್ಟ. ಅಳತೆ ಮುಗಿಯುವವರೆಗೆ ಅವನು ಗೋಡೆಗೆ ಮುಖಮಾಡಿ ನಿಂತಿದ್ದ.

ಹದಿನೈದು ದಿನಕ್ಕೆ ಕಪ್ಪು ಕಲ್ಲು ಬಂದು ಕೂತಿತು. ಅಂಚು ನಯವಾಗಿತ್ತು, ಸಿಂಕಿನ ಸುತ್ತ ಕೂದಲೆಳೆಯಷ್ಟೂ ಸಂದಿರಲಿಲ್ಲ. ಮೊದಲ ದಿನ ಅವನು ಬಗ್ಗದೆಯೇ ಈರುಳ್ಳಿ ಹೆಚ್ಚಿದ. ಅವನ ಹಿಂದೆ ಬಾಗಿಲ ಬಳಿ ಕೂತ ಅವಳಿಗೆ ಕಟ್ಟೆಯ ಮೇಲೇನಿದೆ ಅನ್ನುವುದೂ ಕಾಣುತ್ತಿರಲಿಲ್ಲ.

"ಸಣ್ಣಗೆ ಹೆಚ್ಚಿದ್ದೀರಾ?" ಅಂದಳು.

"ಹೂಂ."

ಸ್ವಲ್ಪ ಹೊತ್ತು ಚಾಕುವಿನ ಸದ್ದನ್ನೇ ಕೇಳುತ್ತಿದ್ದಳು. ಆಮೇಲೆ, "ನನ್ನನ್ನ ಕೋಣೆಗೆ ಬಿಟ್ಟುಬನ್ನಿ ರೀ," ಅಂದಳು. ಅವನು ಕೈ ಒರೆಸಿಕೊಂಡು ಕುರ್ಚಿ ತಿರುಗಿಸಿದ.