ಕೂದಲೆಳೆಯಷ್ಟು ಮೇಲೆ

ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕ ಬಹಳ ದಿನ ಪಿಟಕ್ಕೆನ್ನದೆ ಇದ್ದಳು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ. ಭಾವನಿಗೀಗ ಸ್ವರ್ಗಕ್ಕೆ ಮೂರೇ ಗೇಣು ಎಂದು ನಾನು ಚುಡಾಯಿಸಿದರೆ, ನಗಲೂ ಹೆದರಿ ಗಂಟಲು ಹಿಡಿದುಕೊಳ್ಳುತ್ತಿದ್ದಳು. ಕೊನೆಗೆ ಡಾಕ್ಟರು ಎಲ್ಲ ವಾಸಿಯಾಗಿದೆ, ಹಾಡಬಹುದು ಎಂದರು. ಅಕ್ಕ ಹಾಡಿದಳು. ಬರಬರುತ್ತಾ ಮೇಲಿನ ಒಂದು ಸ್ವರ ಮಾತ್ರ ಬರದಾಯಿತು.

ಆ ಒಂದು ಸ್ವರವೇ ಬೇಕಾಗಿತ್ತು. ಇನ್ನೂರು ವರ್ಷಕ್ಕೂ ಹಳೆಯ ಒಂದು ಮಾಸ್, ಅಂದರೆ ಚರ್ಚಿನ ಬಲಿಪೂಜೆಗೆಂದು ರಚಿಸಿದ ಮೇಳಗಾನ, ರೆಕಾರ್ಡಿಂಗ್ ಆಗುವುದಿತ್ತು. ಅದರಲ್ಲಿ ಒಬ್ಬಳೇ ನಿಂತು ಹಾಡುವ ಭಾಗ ಅಕ್ಕನದು. ಅದಕ್ಕೆ ನುಡಿಸುವ ವಾದ್ಯವೃಂದದಲ್ಲಿ ನಾನು ಓಬೋ, ಅಂದರೆ ಶಹನಾಯಿಯಂಥ ವಾದ್ಯ, ಊದುವವಳು. ನಮ್ಮವೆಲ್ಲ ಈಗಿನ ಕಾಲದ ವಾದ್ಯಗಳು. ಹಳೆಯ ಮಾಸ್‌ಗಳನ್ನು ಅಂದಿನ ವಾದ್ಯಗಳಲ್ಲೇ ನುಡಿಸಬೇಕು ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಮುರಿಯಲಿ, ಮೂಗು ಅವರದೇ. ಅಂದಿನ ವಾದ್ಯಗಳ ಶ್ರುತಿ ತುಸು ಕೆಳಗಿರುತ್ತಿತ್ತು, ನಮ್ಮದು ಮೇಲೆ, ಆದ್ದರಿಂದ ನಮ್ಮ ಜೊತೆ ಹಾಡುವವರಿಗೆ ಕಷ್ಟ ಜಾಸ್ತಿ ಎಂಬುದು ಮಾತ್ರ ನಿಜ.

ಶ್ರುತಿ ನೋಡಿಕೊಳ್ಳಲು ಅಕ್ಕನ ಮನೆಯಲ್ಲಿ ಪಿಯಾನೋ ಇಲ್ಲ. ಅದೇ ಮಾಸನ್ನು ಈಗಿನ ವಾದ್ಯಗಳಲ್ಲೇ ನುಡಿಸಿದ ಹಳೆಯ ಗ್ರಾಮಫೋನ್ ರೆಕಾರ್ಡ್ ಒಂದಿದೆ. ಮೇಳದ ತಾಲೀಮು ಶುರುವಾಗುವ ತನಕ ದಿನಾ ಸಂಜೆ ಅದನ್ನು ಹಾಕಿಕೊಂಡು ಹಾಡುವುದು ಅವಳ ಅಭ್ಯಾಸ. ತಾಲೀಮಿಗೆ ಇನ್ನೇನು ಹೋಗಬೇಕು ಎನ್ನುವಾಗ ನನ್ನನ್ನು ಕರೆಸಿದಳು.

"ನೀನೇ ಕೇಳು. ಸುಳ್ಳು ಸಮಾಧಾನ ಬೇಡ. ಆಗಲ್ಲ ಅಂದ್ರೆ ಈಗ್ಲೇ ಮೇಷ್ಟ್ರಿಗೆ ಫೋನ್ ಮಾಡಿ ಬೇರೆಯವರನ್ನ ನೋಡ್ಕೊಳ್ಳಿ ಅಂತೀನಿ."

ಮೇಷ್ಟ್ರು ಅಂದರೆ ನಮ್ಮ ಮೇಳ ನಡೆಸುವವರು. ಭಾವ ಎಂದಿನಂತೆ ಕಿಟಕಿಯ ಪಕ್ಕದ ಮೇಜಿನಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ರೆಕಾರ್ಡ್ ಶುರುವಾಯಿತು, ಅಕ್ಕ ಹಾಡಿದಳು. ಮೇಲಿನ ಸ್ವರದ ಹತ್ತಿರ ಬಂದಾಗ ದನಿ ಹಳೇ ಬಟ್ಟೆಯ ಹಾಗೆ ಪರ್ ಎಂದು ಹರಿಯಿತು.

"ಯಾರೋ ಅಟ್ಟಿಸಿಕೊಂಡು ಬಂದ ಹಾಗಾಗುತ್ತೆ ಕಣೇ," ಎಂದು ಕುರ್ಚಿಯಲ್ಲಿ ಕುಸಿದಳು. "ದಿನದಿಂದ ದಿನಕ್ಕೆ ಹದಗೆಡ್ತಿದೆ."

ನನಗೂ ಹೆದರಿಕೆಯಾಗಿತ್ತು. ಸುಮ್ಮನೆ ನಿಲ್ಲಲಾರದೆ, ನಾನೂ ಜೊತೆಗೆ ನುಡಿಸುತ್ತೇನೆ, ಇನ್ನೊಮ್ಮೆ ನೋಡೋಣ ಎಂದೆ. ರೆಕಾರ್ಡಿನ ಜೊತೆ ಊದಿದ್ದೇ ತಡ, ಹಲ್ಲು ಚುಳ್ ಎಂದಿತು. ಎರಡಕ್ಕೂ ತಾಳೆಯೇ ಇಲ್ಲ.

ಬೆಳಿಗ್ಗೆ ತಾನೇ ಬೇರೊಂದು ಕಛೇರಿಯ ತಾಲೀಮಿನಲ್ಲಿ ಇಡೀ ವಾದ್ಯವೃಂದ ನನ್ನ ಓಬೋ ಕೇಳಿ ಶ್ರುತಿ ಮಾಡಿಕೊಂಡಿತ್ತು. ಹಳೇ ವಾದ್ಯಗಳ ರೆಕಾರ್ಡಾಗಿದ್ದರೆ ನನಗಿಂತ ಕೆಳಗಿರಬೇಕು. ಇದು ಈಗಿನ ವಾದ್ಯಗಳದು, ಸರಿಸಮನಾಗಿರಬೇಕು. ಆದರೆ ಅರ್ಧ ಸ್ವರ ಮೇಲಿದೆ. ಬಗ್ಗಿ ನೋಡಿದೆ. ಪ್ಲೇಯರಿನ ವೇಗದ ಗುಂಡಿ ನಡುವಿನ ಗುರುತು ಬಿಟ್ಟು ಹೆಚ್ಚಿನ ವೇಗದತ್ತ ಸರಿದಿತ್ತು.

"ಇದನ್ನ ಯಾರು ಮುಟ್ಟಿದ್ದು?"

ಭಾವನ ಚಿಮಟಿಗೆ ಗಾಳಿಯಲ್ಲೇ ನಿಂತಿತು. "ರೆಕಾರ್ಡ್ ಮುಗಿಯೋದ್ರೊಳಗೆ ನನ್ನ ರೇಡಿಯೋ ನ್ಯೂಸ್ ಹೊರಟುಹೋಗ್ತಿತ್ತು. ಒಂದೊಂದ್ಸಲ ಒಂದು ಕೂದಲೆಳೆಯಷ್ಟು ತಿರುಗಿಸ್ದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ಶ್ರುತಿನೂ ಜೊತೆಗೇ ಏರುತ್ತೆ ಭಾವ."

"ಬೇಗ ಮುಗಿಯುತ್ತೆ ಅನ್ನೋದಷ್ಟೇ ನಂಗೊತ್ತಿದ್ದಿದ್ದು."

ಊರಿನವರ ಗಡಿಯಾರಗಳನ್ನೆಲ್ಲ ನೆಟ್ಟಗೆ ಓಡಿಸುವ ಮಹಾನುಭಾವ! ಬೈಯಲು ಬಾಯಿ ತೆರೆದವಳು ಅಕ್ಕನತ್ತ ತಿರುಗಿದೆ. ಅವಳು ಗುಂಡಿಯನ್ನೇ ನೋಡುತ್ತಿದ್ದಳು. ಸರಿಯಾದ ಶ್ರುತಿಯಲ್ಲೂ ಬರದಿದ್ದರೆ? ಆಮೇಲೆ ದೂರಲು ಯಾವ ಗುಂಡಿಯೂ ಉಳಿಯುವುದಿಲ್ಲ.

ಗುಂಡಿಯನ್ನು ಗುರುತಿಗೆ ತಂದು ಓಬೋ ಊದಿ ನೋಡಿದೆ. ಕೂಡಿತು. ಅಕ್ಕ ಎದ್ದು ನಿಂತಳು. ಹಾಡು ಈಗ ನಿಧಾನವಾಗಿ, ಕಾದು ನಿಂತು ಕರೆದುಕೊಂಡು ಹೋಗುವ ಹಾಗಿತ್ತು. ಮೇಲಿನ ಸ್ವರ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಅದನ್ನು ಹಿಡಿದಳು, ಇನ್ನೂ ಉಸಿರು ಉಳಿಸಿಕೊಂಡು ಕೆಳಗಿಳಿದಳು.

ಆಮೇಲೆ ನಾವಿಬ್ಬರೂ ತಬ್ಬಿಕೊಂಡು ಅತ್ತೆವು. ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿ, ಅಳುತ್ತಲೇ ನಗುವೂ ಬಂತು. ಅಷ್ಟರಲ್ಲಿ ಭಾವ ಸಣ್ಣ ಸ್ಕ್ರೂಡ್ರೈವರ್ ತಂದು ಗುಂಡಿಯನ್ನೇ ಬಿಚ್ಚಿ, ತಪ್ಪಾಯ್ತು ಎಂದು ಅಕ್ಕನ ಕೈಗಿಟ್ಟರು.

"ಆಪರೇಷನ್ ಆಗ್ಬೇಕಾಗಿದ್ದು ಇದಕ್ಕೆ," ಎಂದಳು ಅಕ್ಕ.

ಮೇಷ್ಟ್ರಿಗೆ ಫೋನ್ ಮಾಡಿ ತಾಲೀಮಿಗೆ ಬರುತ್ತೇನೆ ಎಂದಳು. ಬರದೆ ಇನ್ನೇನು ಎಂದು ಅವರಿಗೆ ಆಶ್ಚರ್ಯ. ಅಷ್ಟೊತ್ತಿಗೆ ಭಾವ ಅಭ್ಯಾಸಬಲದಿಂದ ಹಾಕಿದ್ದ ರೇಡಿಯೋದಲ್ಲಿ ನ್ಯೂಸ್ ಶುರುವಾಗಿತ್ತು. ಭಾವ ಹೋಗಿ ಅದನ್ನು ಆರಿಸಿದರು.

"ಇನ್ನೊಂದ್ಸಲ ಹಾಡ್ತೀಯಾ?" ಎಂದು ಕೇಳಿದರು. "ಮುಗಿಯೋ ತನಕ ಕೂತ್ಕೊಂಡು ಕೇಳ್ತೀನಿ."

ಅಕ್ಕ ಗುಂಡಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ರೆಕಾರ್ಡಿನ ಮೇಲೆ ಮುಳ್ಳು ಇಟ್ಟಳು.